ಕೋಣೆ ಕಿರಿದಾಗಲಿ, ಸೂರು ಹಿರಿದಾಗಲಿ

ಪುನರ್ವಸು, ಪುಷ್ಯ ಮಳೆಗಳು ಹಿಡಿದು ಸುರಿಯುವಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಗದ್ದೆಗಳಲ್ಲಿ ಸಸಿ ನೆಡುವ ಹೆಂಗಸರು ಹಿಂದೆಲ್ಲ ಬೆನ್ನ ಮೇಲೆ ಗೊರಬು ಹೊತ್ತಿರುತ್ತಿದ್ದರು. ಬಿದಿರಿನ ಸೀಳು ಮತ್ತು ಒಣ ಎಲೆಗಳಿಂದ ಹೆಣೆದ ಈ ಹೊದಿಕೆ ತಲೆಯಿಂದ ಸೊಂಟದ ಕೆಳಗಿನವರೆಗೆ ಒಬ್ಬರನ್ನು ಮುಚ್ಚುತ್ತಿತ್ತು. ಎರಡೂ ಕೈಗಳು ಕೆಲಸಕ್ಕೆ ಬಿಡುವಾಗಿರುತ್ತಿದ್ದವು. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಗೊರಬು ಅಪರೂಪವಾಗಿದೆ. ಅದರ ಲೆಕ್ಕ ಮಾತ್ರ ಹಳತಾಗಿಲ್ಲ. ಹೊತ್ತವರು ಒಬ್ಬರೇ ಆದರೂ ಅವರ ಮೈಯಗಲಕ್ಕಿಂತ ಗೊರಬು ಅಗಲವಾಗಿರಲೇಬೇಕು. ಇಲ್ಲದಿದ್ದರೆ ಹೊತ್ತೂ ಪ್ರಯೋಜನವಿಲ್ಲ.

ಒಬ್ಬರಿಗೋ ಇಬ್ಬರಿಗೋ ಸಾಕಾಗುವಷ್ಟು ಪುಟ್ಟ ಮನೆ ಕಟ್ಟಲು ಹೊರಟವರು ಮೊದಲು ಮರೆಯುವುದು ಇದೇ ಲೆಕ್ಕವನ್ನು.

ಯಾರಿಗೆ ಈ ಮನೆ?

ಮಲೆನಾಡಿನ ಮನೆ ಎಂದೊಡನೆ ಕಣ್ಣಿಗೆ ಕಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಹಿರಿಯರ ಮನೆಯಂಥ ಮನೆ. ಮೂರಂತಸ್ತು, ನಡುವೆ ತೆರೆದ ಅಂಗಳ, ಸುತ್ತ ಜಗುಲಿ, ದಪ್ಪ ಮರದ ಕಂಬಗಳು. ಅದೀಗ ವಸ್ತುಸಂಗ್ರಹಾಲಯ. ಅಂಥ ಮನೆಗಳು ಕೂಡುಕುಟುಂಬ, ಆಳುಕಾಳು, ಭತ್ತದ ಕಣಜ, ಅಡಿಕೆ ಸುಲಿತ ಎಲ್ಲವನ್ನೂ ಒಟ್ಟಿಗೆ ಹೊತ್ತಿದ್ದವು. ಮನೆಯ ಅಳತೆಯನ್ನು ಅಂಕಣಗಳಲ್ಲಿ, ಅಂದರೆ ಕಂಬದಿಂದ ಕಂಬಕ್ಕಿರುವ ಜಾಗದ ಲೆಕ್ಕದಲ್ಲಿ, ಹೇಳುತ್ತಿದ್ದುದೂ ಆ ಕಾಲಕ್ಕೆ ಸರಿಯಾಗಿತ್ತು.

ಇಂದು ಅದೇ ಊರುಗಳಲ್ಲಿ ಬೇರೆ ಬಗೆಯ ಸಂಸಾರಗಳೂ ಇವೆ. ಮದುವೆಯಾಗದೆ ತೋಟ ನೋಡಿಕೊಂಡಿರುವ ಕೃಷಿಕ, ಗಂಡನನ್ನು ಕಳೆದುಕೊಂಡು ಒಬ್ಬಳೇ ಇರುವ ಅಜ್ಜಿ, ನಿವೃತ್ತಿಯ ನಂತರ ಊರಲ್ಲೇ ಉಳಿಯಬಯಸುವ ಶಿಕ್ಷಕಿ, ಮಕ್ಕಳಿಲ್ಲದ ದಂಪತಿ. ಇವರು ಮನೆ ಕಟ್ಟುವ ಮಾತೆತ್ತಿದರೆ ಬಂಧುಗಳ ಮೊದಲ ಪ್ರಶ್ನೆ, ‘ನೆಂಟರು ಬಂದರೆ ಎಲ್ಲಿ ಮಲಗುವುದು?’ ಆ ಪ್ರಶ್ನೆಗೆ ಹೆದರಿ ಎರಡು ಕೋಣೆ ಹೆಚ್ಚು ಕಟ್ಟುತ್ತಾರೆ. ವರ್ಷಕ್ಕೆ ನಾಲ್ಕು ದಿನ ಬರುವವರಿಗಾಗಿ ಉಳಿದ 361 ದಿನ ಗುಡಿಸಿ ಒರೆಸುವ ಕೆಲಸ ಮನೆಯವರ ಪಾಲಿಗೆ ಉಳಿಯುತ್ತದೆ. ಮಂಡಿನೋವು ಬಂದ ಮೇಲೆ ಅದೇ ಕೋಣೆಗಳು ಬೀಗ ಬಿದ್ದು ಬೂಸಲು ಹಿಡಿಯುತ್ತವೆ.

ಕಾಲುಭಾಗದ ಮನೆ, ಕಾಲುಭಾಗದ ಖರ್ಚಲ್ಲ

ಇಲ್ಲಿ ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿಯಬಹುದು. ಎರಡು ಚೌಕ ಮನೆಗಳನ್ನು ತೆಗೆದುಕೊಳ್ಳಿ. ಒಂದರ ಅಳತೆ 40 ಅಡಿಗೆ 40 ಅಡಿ, ಅಂದರೆ 16 ಚದರ. ಇನ್ನೊಂದು 20 ಅಡಿಗೆ 20 ಅಡಿ, 4 ಚದರ. ಎರಡನೆಯದರ ನೆಲ ಮೊದಲನೆಯದರ ಕಾಲುಭಾಗ. ಆದರೆ ಹೊರಗೋಡೆಯ ಉದ್ದ 160 ಅಡಿಯಿಂದ 80 ಅಡಿಗೆ, ಅಂದರೆ ಅರ್ಧಕ್ಕೆ ಮಾತ್ರ ಇಳಿಯುತ್ತದೆ.

ಇನ್ನು ಮಾಡು. ನಾಲ್ಕೂ ದಿಕ್ಕಿಗೆ 3 ಅಡಿ ಸೂರು ಚಾಚಿದರೆ ದೊಡ್ಡ ಮನೆಯ ಮಾಡು 46 ಅಡಿಗೆ 46 ಅಡಿ, ಚಿಕ್ಕದರದು 26 ಅಡಿಗೆ 26 ಅಡಿ ಆಗುತ್ತದೆ. ಇಳಿಜಾರು 30 ಡಿಗ್ರಿ ಇದ್ದರೆ ಈ ಕ್ಷೇತ್ರಫಲವನ್ನು 0.866ರಿಂದ ಭಾಗಿಸಬೇಕು. ದೊಡ್ಡದಕ್ಕೆ ಸುಮಾರು 2,443 ಚದರ ಅಡಿ, ಚಿಕ್ಕದಕ್ಕೆ 780 ಚದರ ಅಡಿ. ಅಂದರೆ ಮಾಡು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಬಚ್ಚಲು, ಶೌಚಾಲಯ, ಅಡುಗೆಕಟ್ಟೆ, ಬಾವಿಯ ಪಂಪು ಇವು ಎರಡೂ ಮನೆಗೆ ಒಂದೊಂದು ಬೇಕೇ ಬೇಕು.

ಆದ್ದರಿಂದ ಚಿಕ್ಕ ಮನೆಯ ಒಟ್ಟು ಖರ್ಚು ಕಡಿಮೆಯಾದರೂ ಚದರಕ್ಕೆ ಬೀಳುವ ಖರ್ಚು ಹೆಚ್ಚು. ಮೇಸ್ತ್ರಿ ಹೇಳಿದ ಚದರದ ದರವನ್ನು ನಾಲ್ಕರಿಂದ ಗುಣಿಸಿ ಹಣ ಹೊಂದಿಸಿಕೊಂಡವರು ಮಾಡು ಏರುವ ಹೊತ್ತಿಗೆ ಕೈ ಖಾಲಿಯಾಗಿ ಕೂರುತ್ತಾರೆ. ಆಗ ಮೊದಲು ಕತ್ತರಿ ಬೀಳುವುದು ಸೂರಿಗೆ.

ಆಕಾರವೂ ಮುಖ್ಯ. ಅದೇ 400 ಚದರ ಅಡಿಯನ್ನು 40 ಅಡಿ ಉದ್ದ, 10 ಅಡಿ ಅಗಲಕ್ಕೆ ಕಟ್ಟಿದರೆ ಗೋಡೆ 80 ಅಡಿಯ ಬದಲು 100 ಅಡಿ. ಜಾಗ ಅದೇ, ಕಲ್ಲು ಕಾಲುಭಾಗ ಹೆಚ್ಚು.

ಸೂರಿನ ಮೇಲೆ ಏಕೆ ಇಷ್ಟು ಒತ್ತು?

ಇದು ಮಳೆಯ ನಾಡು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಮಳೆ ನೆಟ್ಟಗೆ ಬೀಳುವುದೂ ಇಲ್ಲ. ಗಾಳಿಗೆ ಓರೆಯಾಗಿ ಬಂದು ಗೋಡೆಗೆ ಎರಚುತ್ತದೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಗೋಡೆ ಮುಚ್ಚುವ ರೂಢಿ ಬಂದದ್ದು ಇದಕ್ಕಾಗಿಯೇ.

ಮಳೆ 45 ಡಿಗ್ರಿ ಓರೆಯಲ್ಲಿ ಬೀಳುತ್ತಿದೆ ಎಂದುಕೊಳ್ಳಿ. 30 ಡಿಗ್ರಿ ಇಳಿಜಾರಿನ 3 ಅಡಿ ಸೂರಿನ ತುದಿ ಗೋಡೆಯ ನೆತ್ತಿಗಿಂತ ಸುಮಾರು 1.7 ಅಡಿ ಕೆಳಗಿರುತ್ತದೆ. ಅಲ್ಲಿಂದ ಓರೆಯಾಗಿ ಒಳಬರುವ ಹನಿ ಗೋಡೆ ಮುಟ್ಟುವಾಗ ಇನ್ನೂ 3 ಅಡಿ ಇಳಿದಿರುತ್ತದೆ. ಹೀಗೆ 9 ಅಡಿ ಗೋಡೆಯಲ್ಲಿ ಮೇಲಿನ 4.7 ಅಡಿ ಒಣಗಿರುತ್ತದೆ. ಸೂರು ಒಂದೂವರೆ ಅಡಿಯಾದರೆ ಒಣಗುಳಿಯುವುದು ಅದರ ಅರ್ಧ ಮಾತ್ರ. ಕಿಟಕಿ ತೆರೆದಿಡಬಹುದೇ, ನಾಲ್ಕು ತಿಂಗಳು ಮುಚ್ಚಿಡಬೇಕೇ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

ಹಳಬರಿಗೆ ಇದು ತಿಳಿದಿತ್ತು. ಕೆಳದಿ ಅರಸರು ಇಕ್ಕೇರಿಯಲ್ಲಿ ಕಟ್ಟಿಸಿದ ಅಘೋರೇಶ್ವರ ದೇವಾಲಯ ಪೂರ್ತಿ ಕಲ್ಲಿನದು. ನೀರಿಗೆ ಕರಗುವ ವಸ್ತುವೇ ಅಲ್ಲ. ಆದರೂ ಅದರ ಗೋಡೆಯ ಮೇಲೆ ಕಲ್ಲಿನದೇ ಇಳಿಜಾರು ಸೂರು ಹೊರಚಾಚಿದೆ. ಇನ್ನೊಂದೆಡೆ, ಈ ಸೀಮೆಯ ಪೇಟೆಗಳಲ್ಲಿ ಈಚೆಗೆ ಕಟ್ಟಿದ ತಾರಸಿ ಮನೆಗಳನ್ನು ನೋಡಿ. ಸೋರಿಕೆ ತಾಳಲಾರದೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ ಮನೆಗಳು ಬೀದಿಗೆ ನಾಲ್ಕಾರು. ಒಂದು ಮನೆಗೆ ಎರಡು ಮಾಡಿನ ಖರ್ಚು.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಸೋಗೆ, ಹುಲ್ಲು, ನಾಡಹೆಂಚಿನ ಜಾಗಕ್ಕೆ ಮಂಗಳೂರು ಹೆಂಚು ಬಂತು. ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಮಂಗಗಳ ಕಾಟ ಇರುವಲ್ಲಿ ಹೆಂಚು ಒಡೆಯುವುದು ನಿಜ. ಒಬ್ಬರೇ ಇರುವ ಹಿರಿಯರು ಮಾಡು ಹತ್ತಿ ಹೆಂಚು ಸರಿಪಡಿಸಲಾರರು. ಅಂಥವರು ಕೆಳಗೆ ಶೀಟು ಹಾಸಿ ಮೇಲೆ ಹೆಂಚು ಹೊದಿಸುವುದು ಲೇಸು.

ಊರಿನದೇ ಕಲ್ಲು

ಗೋಡೆಗೆ ಈ ಸೀಮೆಯಲ್ಲಿ ಜಂಬಿಟ್ಟಿಗೆ ಇದೆ. ಕಣಿಯಲ್ಲಿ ಕಡಿಯುವಾಗ ಮೆದು, ಗಾಳಿಗೆ ಆರಿದಂತೆ ಗಟ್ಟಿ. 1801ರಲ್ಲಿ ಇಕ್ಕೇರಿ, ನಗರದ ಹಾದಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಮಲಬಾರಿನ ಅಂಗಡಿಪುರಂನಲ್ಲಿ ಕಂಡ ಇದೇ ಜಾತಿಯ ಕಲ್ಲಿಗೆ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮವರ ‘ಜಂಬಿಟ್ಟಿಗೆ’ಯಲ್ಲೂ ಇಟ್ಟಿಗೆಯೇ ಇರುವುದು ಸ್ವಾರಸ್ಯಕರ.

ಕಲ್ಲು ಸಿಗದ ಕಡೆ ಮಣ್ಣಿನ ಇಟ್ಟಿಗೆಯೂ ಆದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ರೂಢಿಗೆ ತಂದಿತು. ಇದನ್ನು ಸುಡಬೇಕಿಲ್ಲ, ನೀರುಣಿಸಿ ಆರಿಸಿದರೆ ಸಾಕು. ಆದರೆ ಮಣ್ಣಿನ ಗೋಡೆಗೆ ಕೆಳಗೆ ಎತ್ತರದ ಕಲ್ಲಿನ ಪಂಚಾಂಗ, ಮೇಲೆ ಅಗಲವಾದ ಸೂರು ಎರಡೂ ಬೇಕು. ಬಾಗಿಲು, ಕಿಟಕಿ, ಕಂಬಗಳಿಗೆ ಕೆಡವಿದ ಹಳೆಯ ಮನೆಗಳ ಮರ ಸಿಕ್ಕರೆ ಹಣವೂ ಉಳಿಯುತ್ತದೆ, ಕಾಡೂ ಉಳಿಯುತ್ತದೆ.

ಒಳಗೆ ಏನಿರಬೇಕು?

20 ಅಡಿ ಚೌಕದಲ್ಲಿ ಮುಕ್ಕಾಲಡಿ ಗೋಡೆ ಕಳೆದರೆ ಒಳಗೆ ಹದಿನೆಂಟೂವರೆ ಅಡಿ ಚೌಕ ಉಳಿಯುತ್ತದೆ. ಮುಂಭಾಗದಲ್ಲಿ ಹತ್ತೂವರೆ ಅಡಿ ಅಗಲದ ಒಂದೇ ಉದ್ದ ಕೋಣೆ. ಕೂರಲು ಒಂದು ಕಡೆ, ಮಲಗಲು ಒಂದು ಕಡೆ, ನಡುವೆ ಬಟ್ಟೆಯ ಕಪಾಟನ್ನೇ ಮರೆಯಾಗಿ ನಿಲ್ಲಿಸಬಹುದು. ಹಿಂಭಾಗದಲ್ಲಿ ಅಡುಗೆಮನೆ ಮತ್ತು ಬಚ್ಚಲು. ಮಳೆಯ ರಾತ್ರಿಯಲ್ಲಿ ಅಂಗಳ ದಾಟಿ ಹೋಗಬೇಕಾದ ಶೌಚಾಲಯ ಒಂಟಿ ಜೀವಕ್ಕೆ ಅಪಾಯ, ಅದು ಒಳಗಿರಲಿ. ಹೊಸಿಲು ಎತ್ತರ ಬೇಡ, ಬಚ್ಚಲ ಬಾಗಿಲು ಕನಿಷ್ಠ ಮೂರಡಿ ಅಗಲವಿರಲಿ, ಗೋಡೆಗೆ ಹಿಡಿದುಕೊಳ್ಳಲು ಒಂದು ಸಲಾಕೆ ಇರಲಿ. ಇಂದು ನಲವತ್ತರ ದಂಪತಿಗೆ ಇದು ಅತಿ ಎನ್ನಿಸಬಹುದು. ಮಕ್ಕಳಿಲ್ಲದ ಮನೆಯಲ್ಲಿ ಎಪ್ಪತ್ತರ ಗಂಡನನ್ನು ಹಿಡಿದೆತ್ತಬೇಕಾದವಳು ಅರವತ್ತೈದರ ಹೆಂಡತಿ ಎಂಬುದನ್ನು ನೆನೆದರೆ ಅತಿಯಲ್ಲ.

ಮುಂದೆ ಆರಡಿ ಜಗುಲಿ ಬಿಡಲೇಬೇಕು. ಆಗ ಮಾಡು 26 ಅಡಿಗೆ 32 ಅಡಿಯಾಗಿ ಸುಮಾರು 960 ಚದರ ಅಡಿಗೆ ಏರುತ್ತದೆ. ಖರ್ಚು ಹೌದು. ಆದರೆ ನೆಂಟರು ಮಲಗುವುದು, ಅಡಿಕೆ ಹರವುವುದು, ಬಟ್ಟೆ ಒಣಹಾಕುವುದು ಎಲ್ಲವೂ ಅಲ್ಲೇ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ ಜಗುಲಿ ದಾರಿಗೆ ಕಾಣುವಂತಿದ್ದರೆ, ‘ಇವತ್ತು ಅಮ್ಮ ಹೊರಗೇ ಬರಲಿಲ್ಲವಲ್ಲ’ ಎಂದು ಹಾಲು ತರುವವರೋ ಶಾಲೆಗೆ ಹೋಗುವ ಮಕ್ಕಳೋ ಗಮನಿಸುತ್ತಾರೆ. ಒಂಟಿಯಾಗಿರುವವರಿಗೆ ಇದಕ್ಕಿಂತ ದೊಡ್ಡ ಕಾವಲಿಲ್ಲ. ಗುಡ್ಡದ ತುದಿಯ ಒಳ್ಳೆಯ ನೋಟಕ್ಕಿಂತ ನೆರೆಮನೆಗೆ ಕೂಗು ಕೇಳುವ ಜಾಗವೇ ಮೇಲು.

ದೊಡ್ಡ ಸೂರು ಇನ್ನೊಂದು ಉಪಕಾರ ಮಾಡುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಮಾಡು ಮುಚ್ಚುವ ನೆಲ ಸುಮಾರು 77 ಚದರ ಮೀಟರ್. ವರ್ಷಕ್ಕೆ 2,000 ಮಿ.ಮೀ. ಮಳೆ ಎಂದಿಟ್ಟುಕೊಂಡರೂ 1,54,000 ಲೀಟರ್! ಬಾವಿ ತಳ ಕಾಣುವ ಏಪ್ರಿಲ್, ಮೇ ತಿಂಗಳನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. 5,000 ಲೀಟರಿನ ಒಂದು ತೊಟ್ಟಿ ತುಂಬಿಟ್ಟುಕೊಂಡರೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರಿನಂತೆ ಇಬ್ಬರಿಗೆ 250 ದಿನ ಬರುತ್ತದೆ.

ಕಾಗದಪತ್ರ ಮರೆಯಬೇಡಿ

ಪುಟ್ಟ ಮನೆ ಎಂದರೆ ಕೀಳು ಎಂಬ ಭಾವನೆ ಬೇಡ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಮನೆಗೆ ನಿಗದಿಪಡಿಸಿದ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಬೇಕೆಂಬ ಅದರ ನಿಯಮ ವಿಧವೆಯರಿಗೆ, ಅವಿವಾಹಿತರಿಗೆ, ಬೇರೆಯಾಗಿರುವವರಿಗೆ ವಿನಾಯಿತಿ ಕೊಡುತ್ತದೆ. ಒಂಟಿ ಮನುಷ್ಯನಿಗೂ ಮನೆ ಬೇಕೆಂಬುದನ್ನು ಸರ್ಕಾರಿ ನಿಯಮವೂ ಒಪ್ಪಿದೆ.

ಇನ್ನೊಂದು ಮಾತು ಸ್ವಲ್ಪ ಕಹಿ, ಆದರೆ ಮನೆ ಕಟ್ಟುವಾಗಲೇ ಆಡಬೇಕಾದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮಕ್ಕಳಿಲ್ಲದ ವಿಧವೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ, ಆಕೆ ಉಯಿಲು ಬರೆಯದೆ ತೀರಿಕೊಂಡರೆ, ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ತಂದೆ ತಾಯಿಯಿಂದ ಬಂದ ಆಸ್ತಿಯಾದರೆ ತಂದೆಯ ವಾರಸುದಾರರಿಗೆ. ಕೊನೆಗಾಲದಲ್ಲಿ ಗಂಜಿ ಕೊಟ್ಟು ನೋಡಿಕೊಂಡ ಅಕ್ಕನ ಮಗಳಿಗೆ ಏನೂ ಸಿಗದೆ ಹೋಗಬಹುದು. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆದಿಟ್ಟ ಉಯಿಲು ಈ ಅನ್ಯಾಯವನ್ನು ತಪ್ಪಿಸುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ.

ಈ ರಜೆಯಲ್ಲಿ ಮಕ್ಕಳು ಒಂದು ಕೆಲಸ ಮಾಡಬಹುದು. ಮನೆಯ ಪ್ರತಿ ಕೋಣೆಯನ್ನು ಅಳೆದು, ಒಂದು ವಾರ ಯಾವ ಕೋಣೆಯಲ್ಲಿ ಯಾರು ಎಷ್ಟು ಹೊತ್ತು ಇದ್ದರೆಂದು ಬರೆದಿಡಿ. ಆಮೇಲೆ ಆ ಪಟ್ಟಿಯನ್ನು ಹಿಡಿದು ಅಪ್ಪ ಅಮ್ಮನ ಜೊತೆ ಕುಳಿತು, ಒಬ್ಬರೇ ಇರುವ ಅತ್ತೆಗೋ ದೊಡ್ಡಪ್ಪನಿಗೋ ಒಂದು ಮನೆಯ ನಕ್ಷೆ ಬರೆಯಿರಿ. ಎಷ್ಟು ಕೋಣೆ ಬೇಕೆಂದು ಅವರನ್ನೇ ಕೇಳಿ. ಸೂರು ಎಷ್ಟು ಬೇಕೆಂದು ಮಾತ್ರ ಮಳೆಯನ್ನು ನೋಡಿ ನೀವೇ ಲೆಕ್ಕ ಹಾಕಿ.