ಬಯಲುಸೀಮೆಯ ಗಾಳ

ನಾನು ಕೆರೂರಿನವನು. ದೊಡ್ಡ ನೀರೆಂದರೆ ನಮಗೆ ಮಲಪ್ರಭೆಯೇ. ಅಂಥವನು ಲಕ್ಷದ್ವೀಪದ ಕಡಮತ್‌ಗೆ ಹೋಗಿ, ಹವಳದ ದಂಡೆಯೊಳಗಿನ ತೆಳುನೀರಿನಲ್ಲಿ ನಿಂತು ಗಾಳ ಬೀಸಲು ಹವಣಿಸಿದನೆಂದರೆ ವಾಚಕರು ನಗಬಹುದು.

ಈ ಗಾಳಕ್ಕೆ ಎರೆಹುಳು ಬೇಡ. ಗರಿ, ನೂಲುಗಳಿಂದ ಸೀಗಡಿಯ ಸೋಗು ಕಟ್ಟಿರುತ್ತದೆ. ಅದು ಬಲು ಹಗುರ. ಆದುದರಿಂದ ತೂಕದ ದಾರವನ್ನೇ ಬೀಸಿ ಅದನ್ನು ದೂರಕ್ಕೊಯ್ಯಬೇಕು. ಜೋಳ ಕೊಯ್ದ ಹೊಲದಲ್ಲಿ ನಾನು ಇದನ್ನು ಅಭ್ಯಾಸ ಮಾಡುತ್ತಿರಲು, ಕುರಿ ಕಾಯುವ ಮುದುಕನೊಬ್ಬನು, “ಹೊಲದಾಗ ಮೀನ ಸಿಗತಾವೇನ್ರಿ ಮಾಸ್ತರ್ರ?” ಎಂದನು.

ಪ್ರವಾಸದ ಸಿದ್ಧತೆಯೆಂದರೆ ಹಣದ ಲೆಕ್ಕವೆಂದು ತಿಳಿದಿದ್ದೆ. ಇದು ಚಂದ್ರನ ಲೆಕ್ಕ. ಉಬ್ಬರವೇರಿದಾಗ ಮೀನು ಏಡಿ, ಸೀಗಡಿಗಳನ್ನರಸಿ ತೆಳುನೀರಿಗೆ ಬರುತ್ತದೆ, ಇಳಿತದೊಡನೆ ಹಿಂದಿರುಗುತ್ತದೆ. ಮಳೆಗಾಲ ಕಳೆಯಬೇಕು, ಪ್ರವೇಶದ ಪರವಾನಗಿ ದೊರೆಯಬೇಕು, ಕೊಚ್ಚಿಯಲ್ಲಿ ಹಡಗು ಹತ್ತಬೇಕು.

1998ರಲ್ಲಿ ಕಡಲು ಕಾದು ಆ ದ್ವೀಪಗಳ ಹವಳ ಬಿಳಿಚಿ ಬಹಳಷ್ಟು ಸತ್ತಿತು. ಆದುದರಿಂದ ಮರಳಿನ ಮೇಲಷ್ಟೇ ಕಾಲಿಡುವೆ, ಹಿಡಿದ ಮೀನನ್ನು ನೀರಿಗೇ ಬಿಡುವೆ ಎಂದು ನಿಶ್ಚಯಿಸಿದ್ದೇನೆ. ಇದನ್ನು ಕೇಳಿ ಮುದುಕನು, “ಹಂಗಾದ್ರ ಅಷ್ಟು ದೂರ ಹೋಗೂದ್ಯಾಕ್ರಿ?” ಎಂದನು.

ಆಗ ಉತ್ತರ ಹೊಳೆಯಲಿಲ್ಲ. ಪರವಾನಗಿಯ ಅರ್ಜಿ ಬರೆಯುವಾಗ ಹೊಳೆಯಿತು. ಕಡಮತ್ ಮೊದಲಾದ ಅಮಿನ್‌ದೀವಿ ದ್ವೀಪಗಳು ಹಿಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಕೆರೂರು ಮುಂಬಯಿ ರಾಜ್ಯದಿಂದ ಕನ್ನಡ ನಾಡಿಗೆ ಬಂದಿತು; ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ನಾವು ಒಳಬಂದ ದಿನವೇ ಹೊರಟುಹೋದವರು ಅವರು. ಒಮ್ಮೆಯಾದರೂ ಕಂಡು ಬರಬೇಡವೆ?