ದುಡಿಮೆ ಮತ್ತು ಸೇವೆ

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯು ಬಹುಕಾಲದಿಂದ ಬಳಕೆಯಲ್ಲಿತ್ತು. ನಾಟಿಯ ಕಾಲದಲ್ಲಿ ಒಬ್ಬನ ಗದ್ದೆಗೆ ನೆರೆಯವರೆಲ್ಲರೂ ಇಳಿದು ದುಡಿಯುತ್ತಿದ್ದರು. ಮುಂದೆ ಆತನು ಅವರ ಗದ್ದೆಗಳಿಗೆ ಹೋಗಿ ದುಡಿದು ಆ ಋಣವನ್ನು ತೀರಿಸುತ್ತಿದ್ದನು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಬೋಧಿಸಿದಾಗ ಅದರೊಡನೆ ದಾಸೋಹವನ್ನೂ ಬೋಧಿಸಿದರು. ತನಗಾಗಿ ದುಡಿಯುವುದು, ಹತ್ತು ಜನರಿಗಾಗಿ ದುಡಿಯುವುದು ಇವೆರಡೂ ಬೇರೆಬೇರೆಯಲ್ಲವೆಂಬ ಭಾವನೆಯು ನಮ್ಮ ನಾಡಿಗೆ ಹೊಸದಲ್ಲ.

ಇಂದು ನಮ್ಮಲ್ಲಿ ಅನೇಕರು ಗದ್ದೆಯನ್ನು ಬಿಟ್ಟು ಅಂಗಡಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಸಣ್ಣ ಕಾರ್ಖಾನೆಗಳಲ್ಲಿಯೂ ದುಡಿಯುತ್ತಿದ್ದಾರೆ. ಐದೋ ಹತ್ತೋ ಮಂದಿ ಕೆಲಸಗಾರರಿರುವ ಇಂಥ ಒಂದು ಉದ್ಯಮವು ತನ್ನ ದುಡಿಮೆಯ ಸ್ವಲ್ಪ ಕಾಲವನ್ನು ಊರಿನ ಸೇವೆಗೆ ಮೀಸಲಿಟ್ಟರೆ ಅದಕ್ಕೆ ಲಾಭವೋ ನಷ್ಟವೋ?

ದೊಡ್ಡ ಉದ್ಯಮಗಳಿಗೆ ಈ ವಿಷಯದಲ್ಲಿ ಕಾನೂನೇ ಇದೆ. 2013ರ ಕಂಪನಿ ಕಾಯಿದೆಯ ಪ್ರಕಾರ, ನಿವ್ವಳ ಆಸ್ತಿ, ವಹಿವಾಟು ಅಥವಾ ಲಾಭವು ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಿದ ಕಂಪನಿಗಳು, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನಾದರೂ ಸಮಾಜಹಿತದ ಕಾರ್ಯಗಳಿಗೆ ವೆಚ್ಚಮಾಡಬೇಕು. ಸಣ್ಣ ಉದ್ಯಮಕ್ಕೆ ಈ ಕಟ್ಟಳೆಯಿಲ್ಲ. ಅಷ್ಟು ಹಣವೂ ಅದರಲ್ಲಿಲ್ಲ. ಆದರೆ ಕೆಲಸ ಬಲ್ಲ ಕೈಗಳು ಅದರಲ್ಲಿವೆ.

ನಾನು ಉಪಾಧ್ಯಾಯನಾಗಿದ್ದ ಒಂದು ಊರಿನಲ್ಲಿ ಮರಗೆಲಸದ ಅಂಗಡಿಯೊಂದಿತ್ತು. ಯಜಮಾನರೂ ಸೇರಿ ಅಲ್ಲಿ ದುಡಿಯುತ್ತಿದ್ದವರು ಏಳು ಮಂದಿ. ನಮ್ಮ ಶಾಲೆಯ ಬೆಂಚುಗಳು ಕಾಲು ಮುರಿದು ಮೂಲೆ ಸೇರಿದ್ದವು. ಮಕ್ಕಳು ನೆಲದ ಮೇಲೆ ಕುಳಿತು ಬರೆಯುತ್ತಿದ್ದರು. ಕೆಲಸಗಾರರಲ್ಲೊಬ್ಬನ ಮಗಳು ನಮ್ಮಲ್ಲಿಯೇ ಓದುತ್ತಿದ್ದಳು. ಆತನು ಈ ಸಂಗತಿಯನ್ನು ಯಜಮಾನರಿಗೆ ತಿಳಿಸಿದನು. ಅವರು ನನ್ನ ಬಳಿಗೆ ಬಂದು, “ಎರಡು ದಿನ ಅಂಗಡಿ ಮುಚ್ಚಿದರೆ ಇವರಿಗೆಲ್ಲ ಸಂಬಳ ಕೊಡುವವರು ಯಾರು, ಮೇಷ್ಟ್ರೇ?” ಎಂದು ಕೇಳಿದರು. ನಾನು ಏನೂ ಹೇಳಲಾರದೆ ಸುಮ್ಮನಾದೆನು. ಆದರೂ ಬೇಸಗೆಯ ರಜೆಯಲ್ಲಿ ಅವರು ಅಂಗಡಿಗೆ ಬೀಗ ಹಾಕಿ, ಯಾರ ಸಂಬಳವನ್ನೂ ಹಿಡಿಯದೆ, ಎಲ್ಲರೊಡನೆ ಬಂದರು.

ಅಂಗಡಿಯಲ್ಲಿ ಎಂದೂ ಬಾಯಿಬಿಡದ ಆ ಕೆಲಸಗಾರನು, ನೆರವಿಗೆ ಬಂದ ನಮ್ಮ ಹುಡುಗರಿಗೆ ಉಳಿಯನ್ನು ಹಿಡಿಯುವ ಬಗೆಯನ್ನೂ ಮರದ ಎಳೆಯನ್ನು ನೋಡಿ ಕೀಸುಳಿಯಾಡಿಸುವ ಬಗೆಯನ್ನೂ ತಾಳ್ಮೆಯಿಂದ ತೋರಿಸಿಕೊಟ್ಟನು. ಯಜಮಾನರು ದೂರದಲ್ಲಿ ನಿಂತು ಇದನ್ನು ನೋಡುತ್ತಿದ್ದರು. “ಹತ್ತು ವರ್ಷದಿಂದ ನನ್ನ ಜೊತೆ ಇದ್ದಾನೆ. ಇವನಿಗೆ ಕಲಿಸೋದಕ್ಕೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ” ಎಂದರು. ಅಂದಿನಿಂದ ಅಂಗಡಿಗೆ ಹೊಸದಾಗಿ ಸೇರುವ ಹುಡುಗರೆಲ್ಲ ಆತನ ಕೈಕೆಳಗೆ ಪಳಗಿದರು.

ಇದು ಎರಡು ದಿನದ ಮಾತಾಯಿತು. ವರ್ಷವಿಡೀ, ಯಾವ ಗಳಿಗೆಯಲ್ಲಾದರೂ ಕೆಲಸಗಾರನನ್ನು ಬಿಟ್ಟುಕೊಡುವ ಉದ್ಯಮಗಳೂ ಲೋಕದಲ್ಲಿವೆ. ಬ್ರಿಟನ್ ಮತ್ತು ಐರ್ಲೆಂಡಿನ ಕರಾವಳಿಯಲ್ಲಿ, ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರನ್ನು ಕಾಪಾಡುವ ಜೀವರಕ್ಷಕ ದೋಣಿಗಳಿವೆ. ಇವುಗಳನ್ನು ನಡೆಸುವ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯು ಸರ್ ವಿಲಿಯಂ ಹಿಲರಿ ಎಂಬವರ ಪ್ರಯತ್ನದಿಂದ 1824ರಲ್ಲಿ ಸ್ಥಾಪಿತವಾಯಿತು. ಅದು ಈವರೆಗೆ 1,40,000ಕ್ಕೂ ಹೆಚ್ಚು ಜೀವಗಳನ್ನು ಉಳಿಸಿದೆ. ದೋಣಿಯೇರುವವರಲ್ಲಿ ಬಹುಪಾಲು ಮಂದಿ ಸ್ವಯಂಸೇವಕರು. ಗ್ಯಾರೇಜು, ಬೇಕರಿ, ಅಂಗಡಿಗಳಲ್ಲಿ ದುಡಿಯುವ ಸಾಮಾನ್ಯ ಜನರು. ಸೊಂಟದ ಪೇಜರ್ ಸದ್ದುಮಾಡಿದೊಡನೆ ಅವರು ಕೈಯ ಕೆಲಸವನ್ನು ಬಿಟ್ಟು ಕಡಲಿನ ಕಡೆಗೆ ಓಡುತ್ತಾರೆ.

1981ರ ಡಿಸೆಂಬರ್ 19ರ ರಾತ್ರಿ, ಕಾರ್ನ್‌ವಾಲಿನ ಮೌಜಲ್ ಎಂಬ ಸಣ್ಣ ಊರಿನ ದೋಣಿಯು, ಬಿರುಗಾಳಿಗೆ ಸಿಕ್ಕ ಹಡಗೊಂದರ ಎಂಟು ಮಂದಿಯನ್ನು ಕಾಪಾಡಲು ಹೋಗಿ ತಾನೂ ನಾಶವಾಯಿತು. ಹಡಗಿನವರೊಡನೆ ದೋಣಿಯ ಎಂಟು ಮಂದಿಯೂ ಮಡಿದರು. ಅವರಲ್ಲಿ ಬೆಸ್ತರಿದ್ದರು, ಊರಿನ ಪಾನಗೃಹದ ಯಜಮಾನನಿದ್ದನು, ದೂರವಾಣಿಯ ಕೆಲಸದವನಿದ್ದನು. ಒಂದು ದಿನ ಕಳೆಯುವುದರೊಳಗೆ ಹೊಸ ತಂಡಕ್ಕೆ ಬೇಕಾದಷ್ಟು ಜನರು ಅದೇ ಊರಿನಿಂದ ಮುಂದೆ ಬಂದರು.

ವ್ಯಾಪಾರದ ಹೊತ್ತಿನಲ್ಲಿ ಎದ್ದು ಓಡುವ ನೌಕರನಿಂದ ಯಜಮಾನನಿಗೆ ನಷ್ಟವಿಲ್ಲವೆನ್ನಲಾಗದು. ಆದರೆ ಅದೇ ನೌಕರನು ಪ್ರಥಮ ಚಿಕಿತ್ಸೆಯನ್ನು ಕಲಿತು ಬರುತ್ತಾನೆ. ಅಪಾಯದಲ್ಲಿ ಎದೆಗುಂದದೆ ಜೊತೆಯವರೊಡನೆ ಹೊಂದಿ ನಡೆಯುವುದನ್ನು ಅಭ್ಯಾಸಮಾಡಿಕೊಳ್ಳುತ್ತಾನೆ. ಈ ಶಿಕ್ಷಣಕ್ಕೆ ಯಜಮಾನನು ಕಾಸನ್ನೂ ತೆತ್ತಿರುವುದಿಲ್ಲ. ಇನ್ನು ಸಣ್ಣ ಉದ್ಯಮದ ಗಿರಾಕಿಗಳೆಂದರೆ ಅದೇ ಊರಿನ ಜನರು. ತಮ್ಮ ಕಷ್ಟಕ್ಕೆ ಒದಗಿದವರು ಯಾರೆಂಬುದನ್ನು ಅವರು ಸುಲಭವಾಗಿ ಮರೆಯುವುದಿಲ್ಲ. ಸಾವಿರಾರು ನೌಕರರಿರುವ ಕಡೆ ಒಬ್ಬರ ಗುಣವು ಇನ್ನೊಬ್ಬರಿಗೆ ತಿಳಿಯದೆ ಹೋಗಬಹುದು; ಏಳು ಮಂದಿಯಿರುವಲ್ಲಿ ಒಬ್ಬನ ಉತ್ಸಾಹವು ಆರು ಮಂದಿಯನ್ನೂ ಮುಟ್ಟುತ್ತದೆ.

ಇಲ್ಲಿ ಒಂದು ಎಚ್ಚರಿಕೆಯು ಅಗತ್ಯ. ಸೇವೆಯು ಸ್ವಂತ ಇಚ್ಛೆಯಿಂದ ಹುಟ್ಟಬೇಕು. “ಭಾನುವಾರ ಎಲ್ಲರೂ ಬರತಕ್ಕದ್ದು” ಎಂದು ಯಜಮಾನನು ಅಪ್ಪಣೆಮಾಡಿದರೆ, ಬಾರದವನ ಸಂಬಳವನ್ನು ಕಡಿದರೆ, ಅದು ಸೇವೆಯಾಗದೆ ಬಿಟ್ಟಿ ಚಾಕರಿಯಾಗುತ್ತದೆ. ವಾರವೆಲ್ಲ ದುಡಿದು ದಣಿದವನಿಗೆ ವಿಶ್ರಾಂತಿಯ ಹಕ್ಕಿದೆ. ಮನೆಯಲ್ಲಿ ಎಳೆಯ ಮಕ್ಕಳೂ ರೋಗಿಗಳೂ ಇರುವವರಿಗೆ ಅದೇ ದೊಡ್ಡ ಸೇವೆ. ಯಜಮಾನನು ತನ್ನ ಹೆಸರಿನ ಫಲಕವನ್ನು ತೂಗುಹಾಕಲೆಂದೇ ಸೇವೆಗೆ ಹೊರಟರೆ ಅದನ್ನು ಮೊದಲು ಕಂಡುಹಿಡಿಯುವವರು ಅವನ ಕೆಲಸಗಾರರೇ. ಲಾಭವನ್ನೇ ಗುರಿಯಾಗಿಟ್ಟುಕೊಂಡವನಿಗೆ ಸೇವೆಯ ಲಾಭವು ದೊರೆಯುವುದಿಲ್ಲ.

“ಸಂಬಳ ಕೊಡುವವರು ಯಾರು?” ಎಂಬ ಆ ಯಜಮಾನರ ಪ್ರಶ್ನೆಯು ಈಗಲೂ ನನಗೆ ನೆನಪಾಗುತ್ತದೆ. ಆ ಎರಡು ದಿನದ ಸಂಬಳವನ್ನು ಯಾರೂ ಅವರಿಗೆ ಹಿಂದಿರುಗಿಸಲಿಲ್ಲ, ಅವರೂ ಕೇಳಲಿಲ್ಲ. ಆದರೆ ಮಳೆಗಾಲದಲ್ಲಿ ಶಾಲೆಯು ತೆರೆದಾಗ ಮಕ್ಕಳು ಬೆಂಚಿನ ಮೇಲೆ ಕುಳಿತು ಬರೆದರು. ಆ ದಾರಿಯಾಗಿ ಹೋಗುವಾಗಲೆಲ್ಲ ಆ ಏಳು ಮಂದಿಯೂ ಕಿಟಕಿಯೊಳಗೆ ಒಮ್ಮೆ ಇಣುಕಿ ನೋಡಿಯೇ ಮುಂದೆ ಸಾಗುತ್ತಿದ್ದರು.