ಕನ್ನಡಿಯೊಳಗಿನ ಮೊಗ್ಗಿನ ಜಡೆ

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಆ ಸ್ಟುಡಿಯೋಗೆ ಎರಡು ಬೋರ್ಡುಗಳಿವೆ. ಹೊಸ ಫ್ಲೆಕ್ಸಿನಲ್ಲಿ ಕ್ಯಾಂಡಿಡ್, ಡ್ರೋನ್, ಪ್ರಿ-ವೆಡ್ಡಿಂಗ್, ಎಲ್‌ಇಡಿ ವಾಲ್ ಎಂದೆಲ್ಲ ಇದೆ. ಅದರ ಹಿಂದೆ ಅರ್ಧ ಮುಚ್ಚಿಹೋದ ತಗಡಿನ ಬೋರ್ಡಿನ ಕೊನೆಯ ಸಾಲು ಹೀಗಿದೆ: ‘ಮೊಗ್ಗಿನ ಜಡೆಗೆ ಕನ್ನಡಿ ಸೌಲಭ್ಯ ಉಂಟು’. ಮದುವೆ ಫೋಟೋಗ್ರಫಿಯ ಬಗ್ಗೆ ಬರೆಯಲು ಹೊರಟವನಿಗೆ ದೊಡ್ಡ ಊರಿನ ದೊಡ್ಡ ಕಂಪನಿಗಳು ಬೇಕಾದಷ್ಟಿದ್ದವು. ಆದರೂ ನಾನು ಹೋದದ್ದು ಈ ಒಂದು ಸಾಲಿಗಾಗಿ.

ಮುದ್ರಿತ ಬಿಲ್ ಪುಸ್ತಕದಲ್ಲಿ ಈಗ ಮಗನ ಹೆಸರಿದೆ. ಎಪ್ಪತ್ತು ದಾಟಿದ ತಂದೆ ಒಳಕೋಣೆಯಲ್ಲಿ ಕೂತಿರುತ್ತಾರೆ. ಊರಿನವರು ಅವರನ್ನು ‘ಫೋಟೋ ಮೇಷ್ಟ್ರು’ ಅನ್ನುತ್ತಾರೆ. ಯಾವ ಶಾಲೆಯಲ್ಲೂ ಅವರು ಪಾಠ ಮಾಡಿದವರಲ್ಲ. ಕನ್ನಡಿ ಕೇಳಿದಾಗ ಎದ್ದು, ಗೋಡೆಗೆ ಆನಿಸಿಟ್ಟಿದ್ದ ಎಲ್‌ಇಡಿ ದೀಪಗಳ ಡಬ್ಬಗಳನ್ನು ಒಂದೊಂದಾಗಿ ಸರಿಸಿದರು. ಹಿಂದೆ ತೇಗದ ಚೌಕಟ್ಟಿನ ಆಳೆತ್ತರದ ಕನ್ನಡಿ. ಕೆಳಗಿನ ಮೂಲೆಯಲ್ಲಿ ಹಿಂಬದಿಯ ಲೇಪ ಕಿತ್ತು ಕಪ್ಪಾಗಿದೆ. ಅಡಿಗೆ ಮರದ ಸ್ಟ್ಯಾಂಡು, ಅದಕ್ಕೆ ನಾಲ್ಕು ಗಾಲಿ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಈ ಫೋಟೋ ಒಂದಾದರೂ ಇದ್ದೇ ಇರುತ್ತದೆ. ಹುಡುಗಿ ಸ್ಟೂಲಿನ ಮೇಲೆ ಕೂತು ನಮ್ಮ ಕಡೆ ನೋಡುತ್ತಿದ್ದಾಳೆ. ಹಿಂದಿನ ಕನ್ನಡಿಯಲ್ಲಿ ಅವಳ ಬೆನ್ನು, ಬೆನ್ನಿನುದ್ದಕ್ಕೂ ಮೊಗ್ಗಿನ ಜಡೆ, ತುದಿಯಲ್ಲಿ ಕುಚ್ಚು. ಹುಡುಗಿ ದೊಡ್ಡವಳಾದಾಗ, ಮದುವೆಯಲ್ಲಿ, ಸೀಮಂತದಲ್ಲಿ ಈ ಜಡೆ ಹೆಣೆಸಿ ಸ್ಟುಡಿಯೋಗೆ ಕರೆತರುವುದಿತ್ತು. ಬಾಳೆಪಟ್ಟೆ ಅಥವಾ ರಟ್ಟಿನ ಮೇಲೆ ಮಲ್ಲಿಗೆ ಮೊಗ್ಗುಗಳನ್ನು ಸೂಜಿದಾರದಲ್ಲಿ ಸಾಲುಸಾಲಾಗಿ ಹೊಲಿದು, ನಡುವೆ ಕನಕಾಂಬರ, ಮರುಗ ಸೇರಿಸಿ, ಜಡೆಗೆ ಕಟ್ಟುವುದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟು ಮಾಡಿದ ಮೇಲೆ ಕೈಯಲ್ಲಿ ಉಳಿಯುವ ಸಮಯ ಕಡಿಮೆ. ಬೆಳಗ್ಗೆ ಕೊಯ್ದ ಮೊಗ್ಗು ಸಂಜೆಗೆ ಬಿರಿಯುತ್ತದೆ. ಬಿರಿದರೆ ಹೊಲಿದ ವಿನ್ಯಾಸವೆಲ್ಲ ಕಲಸಿಹೋಗುತ್ತದೆ. ಹಾಗಾಗಿ ಮೊಗ್ಗಿನ ಜಡೆಯವರಿಗೆ ಸ್ಟುಡಿಯೋದಲ್ಲಿ ಸರದಿ ಇರಲಿಲ್ಲ. ಪಾಸ್‌ಪೋರ್ಟ್ ಸೈಜಿಗೆ ಬಂದವರು ಬೆಂಚಿನ ಮೇಲೆ ಕಾಯಬೇಕಿತ್ತು.

ನೋಡುವವರಿಗೆ ಇದು ಸಲೀಸಾದ ಫೋಟೋ. ಕನ್ನಡಿ ಇಟ್ಟರಾಯಿತು, ಕ್ಲಿಕ್ಕಿಸಿದರಾಯಿತು ಅನ್ನಿಸುತ್ತದೆ. ಮೇಷ್ಟ್ರು ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿ ತೋರಿಸಿದರು. ಕನ್ನಡಿಯನ್ನು ನೆಟ್ಟಗೆ ಹಿಂದಿಟ್ಟರೆ ಬೆನ್ನು ಕಾಣುವುದಿಲ್ಲ. ನಮ್ಮ ಮೈಯೇ ಅದನ್ನು ಮರೆ ಮಾಡುತ್ತದೆ, ಪಕ್ಕದಲ್ಲಿ ಕ್ಯಾಮೆರಾ ಹಿಡಿದವನ ಮುಖ ಕಾಣುತ್ತದೆ. ಕನ್ನಡಿ ಓರೆಯಾಗಬೇಕು, ಸ್ಟೂಲು ಅದರ ಅಂಚಿಗೆ ಬರಬೇಕು, ಹುಡುಗಿ ಭುಜವನ್ನು ಸ್ವಲ್ಪವೇ ತಿರುಗಿಸಿ ಮುಖವನ್ನು ಮಾತ್ರ ಕ್ಯಾಮೆರಾಗೆ ಕೊಡಬೇಕು. ಇದು ಮೊದಲ ತೊಡಕು. ಎರಡನೆಯದು ಫೋಕಸ್ಸಿನದು. ಜಡೆಗೂ ಕನ್ನಡಿಗೂ ಎರಡು ಅಡಿ ಅಂತರವಿದ್ದರೆ, ಕನ್ನಡಿಯೊಳಗಿನ ಜಡೆ ಹುಡುಗಿಯಿಂದ ಹೆಚ್ಚುಕಡಿಮೆ ನಾಲ್ಕು ಅಡಿ ಹಿಂದಿದ್ದಂತೆ ಲೆನ್ಸಿಗೆ ಕಾಣುತ್ತದೆ. ಮುಖಕ್ಕೆ ಫೋಕಸ್ ಮಾಡಿದರೆ ಮೊಗ್ಗು ಮಸುಕು, ಮೊಗ್ಗಿಗೆ ಮಾಡಿದರೆ ಮುಖ ಮಸುಕು. ಎರಡೂ ಸ್ಪಷ್ಟವಾಗಿ ಬರಬೇಕಾದರೆ ಲೆನ್ಸಿನ ಬಾಯಿಯನ್ನು ಹನ್ನೊಂದಕ್ಕೋ ಹದಿನಾರಕ್ಕೋ ಕಿರಿದು ಮಾಡಬೇಕು. ಕಿರಿದು ಮಾಡಿದರೆ ಬೆಳಕು ಸಾಲದು. ಫ್ಲ್ಯಾಶ್ ಹೊಡೆದರೆ ಕನ್ನಡಿಯಲ್ಲಿ ಅದೇ ಹೊಳೆದು ಕೂರುತ್ತದೆ. ಉಳಿದದ್ದು ಎರಡು ದೊಡ್ಡ ಬಲ್ಬುಗಳು, ನಿಧಾನದ ಶಟರ್, ಮತ್ತು ಆ ಹೊತ್ತು ಅಲುಗದೆ ಕೂರುವ ಹುಡುಗಿ.

‘ಉಸಿರು ಹಿಡ್ಕೋ ಅಂದ್ರೆ ಮುಖ ಬಿಗಿಯುತ್ತೆ ಸಾರ್. ಉಸಿರು ಬಿಟ್ಟು ಹಾಗೇ ಇರು ತಾಯಿ ಅನ್ನಬೇಕು’ ಎಂದರು ಮೇಷ್ಟ್ರು. ಹಳೆಯ ಆಲ್ಬಂಗಳಲ್ಲಿ ಆ ಹುಡುಗಿಯರು ನಗದೆ, ಅಳದೆ ಏನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುವುದು ಯಾಕೆ ಎಂದು ನನಗೆ ಆಗ ತಿಳಿಯಿತು. ನಾಚಿಕೆ, ಗಾಂಭೀರ್ಯ ಎಂದು ನಾವು ಓದಿಕೊಂಡದ್ದರಲ್ಲಿ ಶಟರಿನ ಪಾಲೂ ಇದೆ.

ಮದುವೆಗೂ ಮೊದಲೇ ಈ ಸ್ಟುಡಿಯೋ ಹುಡುಗಿಯ ಬದುಕಿನೊಳಗೆ ಬಂದಿರುತ್ತಿತ್ತು. ಜಾತಕದ ಜೊತೆ ಕಳಿಸುವ ಫೋಟೋ ತೆಗೆಯುತ್ತಿದ್ದುದೂ ಇಲ್ಲಿಯೇ. ನೆಗೆಟಿವನ್ನು ಹಾಲುಗಾಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಕೊಟ್ಟು, ಚೂಪು ಮಾಡಿದ ಪೆನ್ಸಿಲಿನಿಂದ ಮೊಡವೆಯ ಗುರುತನ್ನು, ಕಣ್ಣ ಕೆಳಗಿನ ನೆರಳನ್ನು ತಿದ್ದುವುದು ರಿಟಚಿಂಗ್. ನೆಗೆಟಿವಿನಲ್ಲಿ ಪೆನ್ಸಿಲ್ ಕಪ್ಪು ಮಾಡಿದ್ದು ಪ್ರಿಂಟಿನಲ್ಲಿ ಬಿಳಿಯಾಗುತ್ತದೆ. ಎಷ್ಟು ತಿದ್ದಬೇಕು ಎನ್ನುವುದಕ್ಕೆ ಒಂದು ಮಿತಿ ಇತ್ತು. ತಾಯಂದಿರು ಆ ಮಿತಿಯನ್ನು ಒಪ್ಪುತ್ತಿರಲಿಲ್ಲ. ಆಮೇಲೆ ಹುಡುಗಿ ನೋಡಲು ಬಂದವರು ಕಾಫಿ ಕುಡಿಯುತ್ತ ‘ಫೋಟೋದಲ್ಲಿ ಇನ್ನೂ ಬೆಳ್ಳಗಿದ್ದಂಗಿತ್ತು’ ಎಂದರೆ ಬೈಗುಳ ಬರುತ್ತಿದ್ದುದು ಸ್ಟುಡಿಯೋಗೇ. ಈಗ ಫಿಲ್ಟರ್ ಇದೆ, ಬೈಸಿಕೊಳ್ಳಲು ಯಾರೂ ಇಲ್ಲ.

ಇತಿಹಾಸ ಹೇಳಿ ಎಂದರೆ ಮೇಷ್ಟ್ರದು ಚುಟುಕು. ರಾಜರ ಕಾಲದಲ್ಲಿ ಅರಮನೆಯವರಿಗೆ ಫೋಟೋ, ಬೆಂಗಳೂರಿನಲ್ಲಿ 1910ರಿಂದ ಜಿ.ಕೆ. ವೇಲ್, ನಮ್ಮಂಥ ಊರುಗಳಿಗೆ ಸ್ವಾತಂತ್ರ್ಯದ ನಂತರ. ಅವರು ಮೈಸೂರಿನ ಒಂದು ಸ್ಟುಡಿಯೋದಲ್ಲಿ ಹುಡುಗನಾಗಿ ಡಾರ್ಕ್‌ರೂಮಿನ ಟ್ರೇ ತೊಳೆದು ಕೆಲಸ ಕಲಿತವರು. ಡೆವಲಪರ್, ಹೈಪೋ ವಾಸನೆ ಮೈಗೆ ಹತ್ತಿದರೆ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲವಂತೆ. ವಿದೇಶಿ ಫಿಲ್ಮು ಸಿಗದ ದಿನಗಳಲ್ಲಿ ಕೈ ಹಿಡಿದದ್ದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರು ಮಾಡಿದ ಈ ಸರ್ಕಾರಿ ಕಾರ್ಖಾನೆಯ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮು, ಪೇಪರಿನಲ್ಲಿ ಎಷ್ಟೋ ಮದುವೆಗಳು ಉಳಿದಿವೆ. ಬಣ್ಣ ಬಂದು, ಆಮೇಲೆ ಡಿಜಿಟಲ್ ಬಂದು, ಆ ಕಾರ್ಖಾನೆ ಬಾಗಿಲು ಹಾಕಿತು. ಕೊಡಾಕ್ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿದ ಮೇಲೆ ಊಟಿಯದೇನು ದೊಡ್ಡ ಮಾತು ಎನ್ನಬಹುದು. ಮೇಷ್ಟ್ರು ಹಾಗೆನ್ನಲಿಲ್ಲ. ಒಂದು ಖಾಲಿ ‘ಇಂದು’ ಪೇಪರ್ ಡಬ್ಬದಲ್ಲಿ ಅವರು ಮಾತ್ರೆಗಳನ್ನು ಇಟ್ಟುಕೊಂಡಿದ್ದಾರೆ.

ಮದುವೆಮನೆಗೆ ಅವರು ಒಯ್ಯುತ್ತಿದ್ದುದು ಯಾಶಿಕಾ ಕ್ಯಾಮೆರಾ, ಎರಡು ಲೆನ್ಸಿನದು. ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಅದರಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಒಂದು ರೋಲಿಗೆ ಹನ್ನೆರಡೇ ಫೋಟೋ. ಮೂರು ರೋಲಿಗೆ ಒಪ್ಪಂದವಾದರೆ ವರಪೂಜೆಯಿಂದ ಬೀಗರೂಟದವರೆಗೆ ಮೂವತ್ತಾರು. ಹೀಗಾಗಿ ಶಾಸ್ತ್ರಗಳ ಕ್ರಮ ಫೋಟೋಗ್ರಾಫರನಿಗೆ ಪುರೋಹಿತರಷ್ಟೇ ಗೊತ್ತಿರಬೇಕಿತ್ತು. ಅದು ಮನೆತನದಿಂದ ಮನೆತನಕ್ಕೆ ಬೇರೆ. ಒಕ್ಕಲಿಗರ ಧಾರೆಯಲ್ಲಿ ಮುಖ್ಯವಾದದ್ದು ಬೇರೆ, ಲಿಂಗಾಯತರಲ್ಲಿ ಬೇರೆ, ಬ್ರಾಹ್ಮಣರಲ್ಲಿ ಕಾಶಿಯಾತ್ರೆಯ ಕೊಡೆ, ಲಾಜಾಹೋಮ, ಸಪ್ತಪದಿ. ಯಾವುದನ್ನು ತೆಗೆಯಬೇಕು ಎನ್ನುವುದಕ್ಕಿಂತ ಯಾವುದನ್ನು ಬಿಡಬೇಕು ಎಂದು ಗೊತ್ತಿದ್ದವನೇ ಗಟ್ಟಿಗ. ಮುನಿಸಿಕೊಳ್ಳುವ ಸೋದರಮಾವನಿಗೆ ಒಂದು ಫ್ರೇಮ್ ಎತ್ತಿಟ್ಟಿರಬೇಕು.

ಎಲ್ಲಕ್ಕೂ ಮಿಗಿಲಾದದ್ದು ಮಾಂಗಲ್ಯಧಾರಣೆ. ಆಗಿನ ಫ್ಲ್ಯಾಶ್ ಒಮ್ಮೆ ಹೊಡೆದರೆ ಮತ್ತೆ ತುಂಬಿಕೊಳ್ಳಲು ಹಲವು ಸೆಕೆಂಡು ಬೇಕಿತ್ತು. ಅಂದರೆ ಎರಡನೆಯ ಅವಕಾಶ ಇಲ್ಲ. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೈ ಎತ್ತುತ್ತಿದ್ದ ಹಾಗೆ ಡೋಲು, ನಾದಸ್ವರ ಏರುತ್ತವೆ, ಕುರ್ಚಿಯಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಾರೆ, ಅಕ್ಷತೆ ಹಿಡಿದ ನೂರು ಕೈಗಳು ಮುಂದಕ್ಕೆ ಬರುತ್ತವೆ. ಎದುರಿಗೆ ನಿಂತವನಿಗೆ ಸಿಗುವುದು ಕೈಗಳ ಫೋಟೋ ಮಾತ್ರ. ಮೇಷ್ಟ್ರು ಮೊದಲೇ ಹೋಗಿ ಪುರೋಹಿತರ ಎಡಭುಜದ ಹಿಂದೆ ಜಾಗ ಹಿಡಿಯುತ್ತಿದ್ದರು. ಜಡೆ ಎತ್ತಿ ಹಿಡಿಯಲು ನಿಂತ ನಾದಿನಿಗೆ ‘ಮೊಣಕೈ ಒಳಗಿರಲಿ ಕಣಮ್ಮ’ ಎಂದು ಹೇಳಿಟ್ಟಿರುತ್ತಿದ್ದರು. ಬಾಸಿಂಗ ಕಟ್ಟುವ ಮನೆಗಳಲ್ಲಿ ಅದರ ನೆರಳು ಮುಖದ ಮೇಲೆ ಬೀಳದಂತೆ ಫ್ಲ್ಯಾಶನ್ನು ಕೈಯಲ್ಲಿ ಬೇರೆಯಾಗಿ ಕೆಳಗೆ ಹಿಡಿಯುತ್ತಿದ್ದರು. ಗಂಟು ಬೀಳುವ ಕ್ಷಣಕ್ಕೆ ಒಂದೇ ಕ್ಲಿಕ್. ಸರಿಯಾಗಿ ಬಂತೋ ಇಲ್ಲವೋ ಎಂದು ತಿಳಿಯುವುದು ರಾತ್ರಿ ಕೆಂಪು ದೀಪದ ಕೋಣೆಯಲ್ಲಿ, ಮದುಮಕ್ಕಳು ಗಂಡಿನ ಮನೆ ಸೇರಿದ ಮೇಲೆ.

ಈಗಿನ ಮಂಟಪಗಳಲ್ಲಿ ತಾಳಿ ಕಟ್ಟುವ ವರ ಅರ್ಧದಲ್ಲಿ ನಿಂತು ಕ್ಯಾಮೆರಾ ಕಡೆ ನೋಡುವುದನ್ನು, ‘ಇನ್ನೊಂದ್ಸಲ ಸಾರ್’ ಎನ್ನುವ ಹುಡುಗನಿಗೆ ಪುರೋಹಿತರು ತಾಳ್ಮೆಯಿಂದ ಕಾಯುವುದನ್ನು ನಾವೆಲ್ಲ ನೋಡಿದ್ದೇವೆ. ಮುಹೂರ್ತ ಮೀರುತ್ತದೆ ಎಂದು ಗದರುವವರೂ ಕಡಿಮೆಯಾಗಿದ್ದಾರೆ. ಸಭಿಕರಿಗೆ ಕಾಣುವುದು ಆರು ಜನ ಕ್ಯಾಮೆರಾದವರ ಬೆನ್ನು. ಮದುವೆಯನ್ನು ಪಕ್ಕದ ಎಲ್‌ಇಡಿ ಪರದೆಯಲ್ಲಿ ನೋಡಿ ಊಟಕ್ಕೆ ಏಳುತ್ತೇವೆ.

ನಿಶ್ಚಿತಾರ್ಥದ ಆಲ್ಬಂ ಎನ್ನುವುದೇ ಮೊದಲು ಇರಲಿಲ್ಲ. ಅದು ಹಿರಿಯರು ಹಿರಿಯರೊಂದಿಗೆ ಮಾಡಿಕೊಳ್ಳುತ್ತಿದ್ದ ಕಾರ್ಯ. ಲಗ್ನಪತ್ರಿಕೆ ಓದಿ, ತಾಂಬೂಲ ಬದಲಾಯಿಸಿದರೆ ಮುಗಿಯಿತು. ಗಂಡು ಎಷ್ಟೋ ಸಲ ಆ ದಿನ ಬರುತ್ತಲೇ ಇರಲಿಲ್ಲ. ಮೇಷ್ಟ್ರ ಹಳೆಯ ಪ್ರಿಂಟುಗಳಲ್ಲಿ ಒಂದು ನಿಶ್ಚಿತಾರ್ಥ ಸಿಕ್ಕಿತು. ಇಬ್ಬರು ಪೇಟದ ಯಜಮಾನರು ತಟ್ಟೆ ಹಿಡಿದಿದ್ದಾರೆ, ಹಿಂದೆ ಹೆಂಗಸರು. ಯಾರ ನಿಶ್ಚಿತಾರ್ಥ ಎಂದು ಫೋಟೋ ನೋಡಿದರೆ ತಿಳಿಯುವುದಿಲ್ಲ. ಉಂಗುರ ಬಂದ ಮೇಲೆ ಹುಡುಗ ಹುಡುಗಿ ನಡುವೆ ಬಂದರು, ಯಜಮಾನರು ಅಂಚಿಗೆ ಸರಿದರು. ಇದರಲ್ಲಿ ನನಗೆ ಬೇಸರವೇನೂ ಇಲ್ಲ. ಮದುವೆ ಆಗುವವರು ತಮ್ಮ ನಿಶ್ಚಿತಾರ್ಥದ ಫೋಟೋದಲ್ಲಿ ಇರುವುದು ನ್ಯಾಯವೇ.

ಪ್ರಿ-ವೆಡ್ಡಿಂಗ್ ಬಗ್ಗೆ ಮಾತ್ರ ಮನಸ್ಸು ಅತ್ತಿತ್ತ ಆಡುತ್ತದೆ. ಈ ಭಾಗದವರಿಗೆ ಹತ್ತಿರದ ಜಾಗ ಶೆಟ್ಟಿಹಳ್ಳಿಯ ಪಾಳು ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರಿನ ಹೇಮಾವತಿ ಜಲಾಶಯ ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಊರುಬಿಟ್ಟು ಹೋದವರ ದೇವಾಲಯದ ಕಮಾನಿನಡಿ ನೆಲಕ್ಕೆ ಎಳೆಯುವ ಗೌನು ತೊಟ್ಟ ನಮ್ಮೂರ ಹುಡುಗಿ ಓಡುತ್ತಾಳೆ. ಚೆನ್ನಾಗಿಯೇ ಕಾಣುತ್ತಾಳೆ. ಆದರೆ 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಮುಡುಕುತೊರೆಯಲ್ಲಿ ಇಂಥದೇ ಚಿತ್ರೀಕರಣಕ್ಕೆ ಕಾವೇರಿಗಿಳಿದ ಮೈಸೂರಿನ ಜೋಡಿ ತೆಪ್ಪ ಮಗುಚಿ ಸತ್ತದ್ದು ಮರೆಯುವಂಥದಲ್ಲ. 2024ರಲ್ಲಿ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಶೂಟ್ ಮಾಡಿಸಿದ ಗುತ್ತಿಗೆ ವೈದ್ಯರು ಕೆಲಸ ಕಳೆದುಕೊಂಡರು. ಜಾಗ ಹುಡುಕುವ ಹಟದಲ್ಲಿ ಜನ ಎಲ್ಲಿಗೆ ಹೋಗುತ್ತಾರೆ ಎನ್ನುವುದಕ್ಕೆ ಕೊನೆಯಿಲ್ಲ.

ಮಗನ ಕಷ್ಟಗಳು ತಂದೆಯವಕ್ಕಿಂತ ಕಡಿಮೆಯವಲ್ಲ. ಕ್ಯಾಮೆರಾ, ಲೆನ್ಸು, ಡ್ರೋನು ಎಲ್ಲ ಸಾಲದ ಮೇಲೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಯಿಲ್ಲ, ಕಂತು ಮಾತ್ರ ಇದೆ. 2020ರ ಲಾಕ್‌ಡೌನಿನಲ್ಲಿ ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂದಾಗ ಮೊದಲು ಪಟ್ಟಿಯಿಂದ ಹೊರಬಿದ್ದದ್ದು ವಿಡಿಯೋದವರು. ಒಂದು ಮದುವೆಗೆ ಸಾವಿರಾರು ಫೋಟೋ ತೆಗೆದು ಕೊಟ್ಟರೆ, ಆಲ್ಬಂಗೆ ಆರಿಸಿ ಕೊಡಿ ಎಂದು ಗೋಗರೆಯಬೇಕು. ಮೊದಲ ಮಗುವಿನ ನಾಮಕರಣಕ್ಕೆ ಕರೆಯಲು ಬಂದವರು ‘ಹಾಗೇ ಮದುವೆ ಆಲ್ಬಂದೂ ನೋಡೋಣ’ ಎಂದದ್ದಿದೆ. ಅಲ್ಲಿಯವರೆಗೆ ಬಾಕಿ ಹಣ ಬರುವುದಿಲ್ಲ.

ಡಾರ್ಕ್‌ರೂಮು ಈಗ ಆಲ್ಬಂ ಡಿಸೈನಿನ ಕಂಪ್ಯೂಟರ್ ಕೋಣೆ. ನೆಗೆಟಿವ್‌ಗಳು ಅಟ್ಟದ ಮೇಲಿವೆ. ಬೆಣ್ಣೆ ಕಾಗದದ ಲಕೋಟೆ, ಮೇಲೆ ನಂಬರು, ತಾರೀಖು, ಊರು. ಕೆಲವು ಡಬ್ಬ ತೆರೆದರೆ ವಿನಿಗರಿನ ಘಾಟು ಹೊಡೆಯುತ್ತದೆ. ಹಳೆಯ ಫಿಲ್ಮಿನ ಪ್ಲಾಸ್ಟಿಕ್ಕು ಸೆಕೆಗೆ, ತೇವಕ್ಕೆ ಕೊಳೆಯುವ ಲಕ್ಷಣ ಅದು. ಒಮ್ಮೆ ಶುರುವಾದರೆ ನಿಲ್ಲಿಸಲಾಗದು, ಅಷ್ಟರಲ್ಲಿ ಸ್ಕ್ಯಾನ್ ಮಾಡಿಕೊಳ್ಳಬೇಕು. ಹಳೆಯ ಫೋಟೋದ ಬೆನ್ನಿನಲ್ಲಿ ಸ್ಟುಡಿಯೋದ ಸೀಲು, ನಂಬರು ಇದ್ದರೆ ತಂದು ತೋರಿಸಿ ನೆಗೆಟಿವ್ ಒಯ್ಯಬಹುದು, ದುಡ್ಡು ಬೇಡ ಎಂದು ಮೇಷ್ಟ್ರು ಊರಿಗೆಲ್ಲ ಹೇಳಿದ್ದಾರೆ. ಬಂದವರು ಕೆಲವರೇ, ಅದೂ ಹೆಚ್ಚಾಗಿ ತೀರಿಕೊಂಡವರ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಲು. ಜಿಲ್ಲೆಯ ಒಂದು ಕಾಲೇಜೋ ಗ್ರಂಥಾಲಯವೋ ಇವನ್ನು ಕೇಳಿ ಪಡೆಯಬಾರದೇ? ಯಾವ ಸೀರೆ, ಯಾವ ಒಡವೆ, ಯಾರ ಪಕ್ಕ ಯಾರು ಕೂರುತ್ತಿದ್ದರು, ಯಾರು ದೂರ ನಿಲ್ಲುತ್ತಿದ್ದರು ಎಂಬುದೆಲ್ಲ ಅಲ್ಲಿ ಇದೆ.

ಕನ್ನಡಿಯನ್ನು ಮಾರುವುದಿಲ್ಲವಂತೆ. ರೆಸಾರ್ಟಿನವರೊಬ್ಬರು ಚೌಕಟ್ಟಿನ ತೇಗಕ್ಕಾಗಿ ಕೇಳಿದ್ದರು. ಸೀಮಂತಕ್ಕೆ ಮೊಗ್ಗಿನ ಜಡೆ ಮತ್ತೆ ಬಂದಿದೆ, ಆದರೆ ಹೂವಿನಂಗಡಿಯವರೇ ಸಿದ್ಧ ಜಡೆ ತಂದು ಕಟ್ಟುತ್ತಾರೆ, ಹುಡುಗಿ ತಿರುಗಿ ನಿಂತರೆ ಬೆನ್ನಿನ ಫೋಟೋ ಪ್ರತ್ಯೇಕವಾಗಿ ತೆಗೆಯುತ್ತಾರೆ. ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಬೇಕು ಎಂದು ಕೇಳಿ ಬಂದವರು ಈಚೆಗೆ ಯಾರೂ ಇಲ್ಲ.

ದೊಡ್ಡ ಮದುವೆಗಳಿಗೆ ಮಗ ಈಗಲೂ ತಂದೆಯನ್ನು ಕರೆದುಕೊಂಡು ಹೋಗುತ್ತಾನೆ. ಕ್ಯಾಮೆರಾ ಕೊಡುವುದಿಲ್ಲ, ಕೈ ನಡುಗುತ್ತದೆ. ಪುರೋಹಿತರ ಪಕ್ಕ ಒಂದು ಕುರ್ಚಿ ಹಾಕಿಸುತ್ತಾನೆ. ಮುಂದೆ ಯಾವ ಶಾಸ್ತ್ರ ಬರುತ್ತದೆ, ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಕ್ಯಾಮೆರಾ ಹುಡುಗರಿಗೆ ಹೇಳುವುದು ಮೇಷ್ಟ್ರ ಕೆಲಸ. ಅದಕ್ಕೆ ಐನೂರು ರೂಪಾಯಿ ಕೊಡುತ್ತಾನೆ, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ ಕೂಡ. ಹುಡುಗರಲ್ಲಿ ಹೆಚ್ಚಿನವರು ಬೆಂಗಳೂರಿನಿಂದ ದಿನಗೂಲಿಗೆ ಬಂದವರು. ಗಟ್ಟಿಮೇಳದ ಗದ್ದಲದಲ್ಲಿ ಅವರಿಗೆ ಮೇಷ್ಟ್ರ ದನಿ ಕೇಳಿಸುವುದಿಲ್ಲ.